ಇಪ್ಪತ್ತೊಂಬತ್ತು ನಿಮಿಷ

ಕಲ್ಯಾಣದುರ್ಗದ ಆ ಹೆರಿಗೆ ಆಸ್ಪತ್ರೆಯಲ್ಲಿ ನಾನು ನಿಂತಿದ್ದದ್ದು ಹೆರಿಗೆ ಕೋಣೆಯ ಬಾಗಿಲ ಒಳಗೆ, ಹಸಿರು ಪರದೆಯ ಈಚೆ. ಎಡಕ್ಕೆ ಗೋಡೆ. ಬಲಕ್ಕೆ, ಒಂದು ಮೊಳ ದೂರದಲ್ಲಿ, ಹುಟ್ಟಿದ ಮಗುವನ್ನು ಮಲಗಿಸುವ ಬಿಸಿ ಮೇಜು. ಅದರ ಹಿಂದಿನ ಗೋಡೆಯಲ್ಲಿ, ಪರದೆಯ ಆಚೆಗೂ ಕಾಣುವ ಎತ್ತರದಲ್ಲಿ, ಗಡಿಯಾರ. ಐದು ವರ್ಷದ ಹಿಂದೆ, ಚಳಿ ಬಿಡುತ್ತಿದ್ದ ತಿಂಗಳ ಒಂದು ಗುರುವಾರ. ಪರದೆಯ ಆಚೆಯಿಂದ ನರ್ಸಮ್ಮ "ಬಂತು" ಎಂದಾಗ ಕೈಯಲ್ಲಿದ್ದ ಸ್ಟಾಪ್‌ವಾಚ್ ಒತ್ತಿ ತಲೆಯೆತ್ತಿದೆ. ಬೆಳಿಗ್ಗೆ ಹತ್ತು ಗಂಟೆ ಐವತ್ತನಾಲ್ಕು ನಿಮಿಷ. ಅದನ್ನು ನಾನು ನೋಡಿದೆ. ಆಮೇಲೆ ಬರೆದದ್ದು ಬೇರೆ.

ಗಂಡಸಿಗೆ ಅಲ್ಲೇನು ಕೆಲಸ ಎಂದು ಓದುವವರಿಗೆ ಅನ್ನಿಸಬಹುದು. ಹೇಳುತ್ತೇನೆ. ಹುಟ್ಟುವಾಗ ಉಸಿರು ಸಿಗದೆ ಮಿದುಳಿಗೆ ಪೆಟ್ಟಾದ ಮಕ್ಕಳ ಬಗ್ಗೆ ಹಿಂದೂಪುರದ ಒಂದು ಆಸ್ಪತ್ರೆಯಲ್ಲಿ ಸಂಶೋಧನೆ ನಡೆಯುತ್ತಿತ್ತು. ಸುತ್ತಲಿನ ನಾಲ್ಕಾರು ಹೆರಿಗೆ ಆಸ್ಪತ್ರೆಗಳಲ್ಲಿ ಅವರ ಕಡೆಯ ಒಬ್ಬೊಬ್ಬರು ಇರುತ್ತಿದ್ದರು. ಕನ್ನಡ, ತೆಲುಗು ಎರಡೂ ನಡೆಯುವ ಕಲ್ಯಾಣದುರ್ಗಕ್ಕೆ ನಾನು. ಅದಕ್ಕೆ ಮುಂಚೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದೆ. ಈ ಕೆಲಸದಲ್ಲಿ ಮಾಡಬೇಕಾದದ್ದು ಕಡಿಮೆ: ಮಗು ಹುಟ್ಟಿದ ಸಮಯ, ಮೊದಲ ಉಸಿರಿನ ಸಮಯ, ಮೊದಲ ಅಳುವಿನ ಸಮಯ ಬರೆದು ಸಹಿ ಹಾಕುವುದು. ಹೆರುವವಳು ಪರದೆಯ ಆಚೆ. ಅವಳನ್ನು ನಾನು ನೋಡುತ್ತಿರಲಿಲ್ಲ.

ತರಬೇತಿಯಲ್ಲಿ ನಮಗೆ ಹೇಳಿಕೊಟ್ಟದ್ದು ಇಷ್ಟು. ಉಸಿರಿಲ್ಲದ ಆ ಕೆಲವು ನಿಮಿಷಗಳಲ್ಲಿ ಮಿದುಳು ಒಮ್ಮೆಲೇ ಸಾಯುವುದಿಲ್ಲ. ಮೊದಲ ಪೆಟ್ಟು ಬೀಳುತ್ತದೆ. ಉಸಿರು ಮರಳಿದ ಮೇಲೆ ಕೆಲವು ಗಂಟೆ ಎಲ್ಲ ಸರಿಹೋದಂತೆ ಕಾಣುತ್ತದೆ. ಆಮೇಲೆ ಎರಡನೆಯ ಪೆಟ್ಟು. ನಡುವಿನ ಆ ಗಂಟೆಗಳಲ್ಲಿ ಮಗುವನ್ನು ತಂಪಿನ ಹಾಸಿಗೆಯ ಮೇಲೆ ಮಲಗಿಸಿ, ಮೈಯನ್ನು ಮೂವತ್ಮೂರೂವರೆ ಡಿಗ್ರಿಗೆ ಇಳಿಸಿ, ಮೂರು ದಿನ ಅಲ್ಲೇ ಹಿಡಿದಿಟ್ಟರೆ ಎರಡನೆಯ ಪೆಟ್ಟು ಹಗುರಾಗಬಹುದು. ಶ್ರೀಮಂತ ದೇಶಗಳಲ್ಲಿ ಇದು ಆಗಲೇ ಬಳಕೆಯಲ್ಲಿತ್ತು. ನಮ್ಮ ಕಡೆಯ ಮಕ್ಕಳಿಗೆ ಇದರಿಂದ ಒಳ್ಳೆಯದಾಗುತ್ತದೋ ಇಲ್ಲವೋ ಎನ್ನುವುದೇ ಸಂಶೋಧನೆಯ ಪ್ರಶ್ನೆ. ಒಂದು ಕಟ್ಟುಪಾಡು ಮಾತ್ರ ಎಲ್ಲ ಕಡೆಯೂ ಒಂದೇ: ಹುಟ್ಟಿದ ಆರು ಗಂಟೆಯೊಳಗೆ ಶುರುವಾಗಬೇಕು.

ಯಾವ ಮಗುವಿಗೆ ಹಾಸಿಗೆ, ಯಾವ ಮಗುವಿಗೆ ಮಾಮೂಲಿ ಚಿಕಿತ್ಸೆ ಎನ್ನುವುದನ್ನು ಯಾರೂ ಆರಿಸುವಂತಿರಲಿಲ್ಲ. ಹಿಂದೂಪುರದ ಮಕ್ಕಳ ವಾರ್ಡಿನ ಕಪಾಟಿನಲ್ಲಿ ನಂಬರ್ ಹಾಕಿ ಅಂಟಿಸಿದ ಲಕೋಟೆಗಳಿದ್ದವು. ಸೇರಿದ ಮಗುವಿಗೆ ಮುಂದಿನ ನಂಬರಿನ ಲಕೋಟೆ. ಒಡೆದರೆ ಒಳಗೆ ಒಂದೇ ಪದ.

ಆ ಗುರುವಾರ ಹೆರಿಗೆಗೆ ಬಂದವಳು ಬ್ರಹ್ಮಸಮುದ್ರದ ಕಡೆಯವಳು, ಚೊಚ್ಚಲು. ಜೊತೆಗೆ ಅವಳ ತಾಯಿ. ಈ ತಾಯಿಯನ್ನು ಮುಂದೆ ಅಜ್ಜಿ ಎನ್ನುತ್ತೇನೆ. ಆಗಲೇ ಅವರಿಗೆ ಅಜ್ಜಿಯಾಗುವ ಆತುರ. ಬೆಳಿಗ್ಗೆ ಎಂಟರಿಂದ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತು ನನ್ನನ್ನು ಮಾತಿಗೆಳೆದರು.

"ಹೆರಿಗೆ ಬಾಗ್ಲಲ್ಲಿ ನಿಂತ್ಕಂಡು ಗಡಿಯಾರ ನೋಡೋದೇ ಕೆಲ್ಸಾನೇನಪ್ಪಾ ನಿಂದು? ಇದಕ್ಕೆ ಓದ್ಬೇಕಾ?"

"ಓದಿದೀನಿ ಅಮ್ಮ."

"ಏನಂತ? ಚಿಕ್ಕ ಮುಳ್ಳು, ದೊಡ್ಡ ಮುಳ್ಳು ಅಂತಾನಾ?"

ಒಳಗಿಂದ ಬಂದ ನರ್ಸಮ್ಮ ನಕ್ಕರು. "ಸುಮ್ನಿರಮ್ಮ, ಅವ್ನಿಗಿನ್ನೂ ಮದ್ವೆ ಆಗಿಲ್ಲ. ನಿನ್ನ ಮಾತು ಕೇಳಿ ಓಡೋಗ್ಬುಟ್ಟಾನು."

ಅಜ್ಜಿಯ ಕಣ್ಣು ಮಾತ್ರ ಗೋಡೆಯಲ್ಲಿದ್ದ ತೆಲುಗು ಕ್ಯಾಲೆಂಡರಿನ ಮೇಲೆಯೇ ಇತ್ತು. ಅಂದು ಪುಷ್ಯ ನಕ್ಷತ್ರ ಹತ್ತು ಮೂವತ್ತೊಂದರವರೆಗೆ, ಆಮೇಲೆ ಆಶ್ಲೇಷ. ಆಶ್ಲೇಷದಲ್ಲಿ ಹುಟ್ಟಿದ ಹೆಣ್ಣು ಅತ್ತೆಗೆ ಆಗುವುದಿಲ್ಲ ಎಂದು ಈ ಕಡೆ ನಂಬಿಕೆ. ಹೆಣ್ಣು ನೋಡಲು ಬಂದವರು ಮೊದಲು ಜಾತಕ ಕೇಳುತ್ತಾರೆ. ಜಾತಕ ಆಸ್ಪತ್ರೆಯ ಸಮಯದ ಮೇಲೆ ಬರೆಸಿದ್ದು.

"ನನ್ನ ದೊಡ್ಡ ಮಗ್ಳು ಆಶ್ಲೇಷ ಕಣಪ್ಪ," ಎಂದರು ಅಜ್ಜಿ. ಈಗ ನಗುತ್ತಿರಲಿಲ್ಲ. "ಹನ್ನೊಂದು ಗಂಡು ಬಂದು ಕಾಫಿ ಕುಡ್ದು ಹೋದ್ವು. ಕೊನೆಗೆ ಅತ್ತೆ ಸತ್ತಿರೋ ಮನೇನೇ ಹುಡುಕ್ಬೇಕಾಯ್ತು. ಯಾವ ಮನೇಲಿ ಮುದುಕಿ ಸತ್ತೌಳೆ ಅಂತ ಕೇಳ್ಕಂಡು ಓಡಾಡೋ ತಾಯಿ ಕಷ್ಟ ನಿಂಗೇನು ಗೊತ್ತು."

ಮಗು ಬಂದಾಗ ಉಸಿರಿರಲಿಲ್ಲ. ಕೊರಳಿಗೆ ಹೊಕ್ಕುಳ ಬಳ್ಳಿ ಎರಡು ಸುತ್ತು. ನರ್ಸಮ್ಮ ಅದನ್ನು ಬಿಡಿಸಿ ನನ್ನ ಪಕ್ಕದ ಮೇಜಿಗೆ ತಂದರು. ಹಣ್ಣಾದ ನೇರಳೆಯ ಬಣ್ಣ, ಕೈಕಾಲು ಒದ್ದೆ ಬಟ್ಟೆಯಂತೆ ಜೋತಿದ್ದವು. ವಯಸ್ಸಾದ ಆಯಮ್ಮ ಬೆನ್ನು ಒರೆಸಿದರು, ನರ್ಸಮ್ಮ ಮುಖವಾಡ ಇಟ್ಟು ಗಾಳಿಚೀಲ ಒತ್ತತೊಡಗಿದರು. ನಾನು ಸ್ಟಾಪ್‌ವಾಚ್ ನೋಡಿ ಪ್ರತಿ ನಿಮಿಷಕ್ಕೂ ಕೂಗಿದೆ. ಆರು ನಿಮಿಷ ನಲವತ್ತು ಸೆಕೆಂಡಿಗೆ ಮಗು ಒಮ್ಮೆ ಬಾಯ್ತೆರೆಯಿತು. ಆಮೇಲೆ ಉಸಿರು ನಿಂತುಹೋಗಲಿಲ್ಲ. ಪಕ್ಕದ ಆಪರೇಷನ್ ಮುಗಿಸಿ ಬಂದ ಡಾಕ್ಟರಮ್ಮ ಎದೆ ಕೇಳಿ, ನಿಗಾ ಇಡಿ ಎಂದರು. ಹತ್ತು ನಿಮಿಷ ದಾಟಿದ್ದರೆ ಕೂಡಲೇ ಹಿಂದೂಪುರಕ್ಕೆ ಎಂಬುದು ನಮ್ಮ ನಿಯಮ. ದಾಟಿರಲಿಲ್ಲ.

ಎಲ್ಲರ ಮೈಯೂ ಒಮ್ಮೆ ಸಡಿಲಾಯಿತು. ನರ್ಸಮ್ಮ ನೀರು ಕುಡಿದರು. ಹೆಣ್ಣುಮಗು ಎಂದು ತಿಳಿದ ಅಜ್ಜಿ ಒಳಗೆ ಬಂದು, ಮಗುವಿನ ಕಾಲು ಮುಟ್ಟಿ, ಆಮೇಲೆ ನರ್ಸಮ್ಮನ ಮೊಣಕೈ ಹಿಡಿದರು.

"ಜೀವ ಕೊಟ್ಟೆ ನನ್ನವ್ವ. ಇನ್ನೊಂದೇ ಒಂದು. ಹತ್ತೂವರೆ ಒಳಗೆ ಹಾಕ್ಬುಡು."

"ಏಮಮ್ಮಾ, ಇದು ದವಾಖಾನೆ ಕಣಮ್ಮ, ಜ್ಯೋತಿಷ್ಯದಂಗಡಿ ಅಲ್ಲ," ಎಂದರು ನರ್ಸಮ್ಮ. ಆದರೆ ಆಸ್ಪತ್ರೆಯ ಹೆರಿಗೆ ರಿಜಿಸ್ಟರ್ ಎಳೆದುಕೊಂಡರು. ಇದು ಮೊದಲ ಸಲವಲ್ಲ. ಹತ್ತು ಇಪ್ಪತ್ತೈದು ಎಂದು ಬರೆದರು. ಆಮೇಲೆ ನನ್ನ ಕಡೆ ನೋಡಿದರು.

ನಮ್ಮ ಕಾಗದ ನೋಡಲು ಎರಡು ತಿಂಗಳಿಗೊಮ್ಮೆ ಬೆಂಗಳೂರಿನಿಂದ ಒಬ್ಬರು ಬರುತ್ತಿದ್ದರು. ನನ್ನ ಫಾರಮ್ಮಿನ ಸಮಯವೂ ರಿಜಿಸ್ಟರಿನ ಸಮಯವೂ ಬೇರೆಯಾದರೆ ಕೆಂಪು ಗುರುತು, ಕಾರಣ ಕೇಳಿ ಪತ್ರ. ಅವರು ಮೊದಲ ಸಲ ಬಂದಾಗ ನನಗೆ ಮೂರು ಕೆಂಪು ಗುರುತು ಬಿದ್ದಿದ್ದವು. ಆಮೇಲೆ ನಾನು ನನ್ನ ಗಡಿಯಾರವನ್ನು ಬಿಟ್ಟು ರಿಜಿಸ್ಟರನ್ನೇ ನಕಲು ಮಾಡತೊಡಗಿದೆ. ಗುರುತು ನಿಂತವು. ಹಿಂದೂಪುರದ ಮೀಟಿಂಗಿನಲ್ಲಿ ಕಲ್ಯಾಣದುರ್ಗದ ಕಾಗದ ಬಲು ಶುದ್ಧ ಎಂದು ನನ್ನನ್ನು ಹೊಗಳಿದರು. ನಕ್ಷತ್ರಕ್ಕಾಗಿ ಸರಿಸಿದ ಇನ್ನೆರಡು ಮಕ್ಕಳ ಸಮಯವನ್ನೂ ನಾನು ಹಾಗೇ ನಕಲು ಮಾಡಿದ್ದೆ. ಆ ಮಕ್ಕಳು ಹುಟ್ಟಿದ ಕೂಡಲೇ ಅತ್ತವರು. ಯಾರಿಗೂ ಏನೂ ಆಗಲಿಲ್ಲ. ಈ ಸಲವೂ ಹತ್ತು ಇಪ್ಪತ್ತೈದು ಎಂದು ಬರೆದೆ. ಸಹಿ ಹಾಕಿದೆ. ಸ್ಟಾಪ್‌ವಾಚನ್ನು ಸೊನ್ನೆಗೆ ತಂದೆ.

ಮಗು ಅಳದೆ ಮಲಗಿತ್ತು. ಒಳ್ಳೇ ಮಗು, ತಾಯಿಗೆ ತೊಂದರೆ ಕೊಡಲ್ಲ ಎಂದು ಅಜ್ಜಿ ಬಂದವರಿಗೆಲ್ಲ ಹೇಳಿದರು. ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ನನ್ನನ್ನು ಕರೆದು ತೋರಿಸಿದರು. "ನೋಡು, ಹಾಲು ಕೇಳ್ತೈತೆ." ಮಗು ತುಟಿ ಚಪ್ಪರಿಸುತ್ತಿತ್ತು. ಕಣ್ಣು ಒಂದು ಕಡೆಗೆ ನೆಟ್ಟಿತ್ತು. ಕಾಲುಗಳು ಸೈಕಲ್ ತುಳಿಯುವಂತೆ ಒಂದೇ ಸಮನೆ ಆಡುತ್ತಿದ್ದವು. ಅದು ಹಸಿವಲ್ಲ, ಮಿದುಳಿನ ಫಿಟ್ಸು. ತರಬೇತಿಯ ವಿಡಿಯೋದಲ್ಲಿ ನಾನು ಅದನ್ನು ಹತ್ತು ಸಲ ನೋಡಿದ್ದೆ.

ಒಂದು ಐವತ್ತಕ್ಕೆ ವ್ಯಾನ್ ಹೊರಟಿತು. ಅನಂತಪುರ ಹತ್ತಿರ, ಆದರೆ ತಂಪಿನ ಹಾಸಿಗೆ ಇದ್ದದ್ದು ಹಿಂದೂಪುರದಲ್ಲಿ. ತಾಯಿಗೆ ಹೊಲಿಗೆ ಬಿದ್ದಿತ್ತು, ಅವಳು ಅಲ್ಲೇ ಉಳಿದಳು. ಮಗು, ಅಜ್ಜಿ, ಆಯಮ್ಮ, ನಾನು. ಪಾವಗಡದ ದಾರಿ. ಅಜ್ಜಿ ಮಗುವಿನ ಪಾದವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತಿದ್ದರು. ನಾನು ದಾರಿಯುದ್ದಕ್ಕೂ ಎಣಿಸುತ್ತಿದ್ದೆ. ಹತ್ತು ಐವತ್ತನಾಲ್ಕಕ್ಕೆ ಆರು ಗಂಟೆ ಸೇರಿಸಿದರೆ ನಾಲ್ಕು ಐವತ್ತನಾಲ್ಕು. ಹಿಂದೂಪುರದ ಮಾರ್ಕೆಟ್ಟಿನ ಹತ್ತಿರ ಹುಣಸೆಹಣ್ಣಿನ ಲಾರಿಗಳು ಅಡ್ಡ ನಿಂತಿದ್ದವು. ಇಳಿದು ಬೈದು ಒಂದನ್ನು ಹಿಂದಕ್ಕೆ ತೆಗೆಸಿದೆ. ಆಸ್ಪತ್ರೆಯ ಬಾಗಿಲಿಗೆ ಬಂದಾಗ ನಾಲ್ಕು ಮೂವತ್ಮೂರು. "ಇನ್ನೂ ಟೈಮೈತೆ ಅಮ್ಮ," ಎಂದು ಅಜ್ಜಿಗೆ ಹೇಳಿದೆ. ನಿಜವಾದ ಗಡಿಯಾರದ ಪ್ರಕಾರ ಅದು ಸರಿ. ಕಾಗದದಲ್ಲಿ ಬೇರೆ ಗಡಿಯಾರವಿದೆ ಎನ್ನುವುದು ನನಗೆ ಆ ಎರಡೂ ಮುಕ್ಕಾಲು ಗಂಟೆಯಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಮಕ್ಕಳ ಡಾಕ್ಟರು ಮಗುವನ್ನು ನೋಡಿ, ಫಿಟ್ಸಿಗೆ ಔಷಧಿ ಹೇಳಿ, ಕಪಾಟಿನ ಕಡೆ ತಿರುಗುತ್ತಲೇ ನನ್ನ ಫಾರಮ್ ಕೈಗೆತ್ತಿಕೊಂಡರು. ಓದಿದರು. ಗೋಡೆಯ ಗಡಿಯಾರ ನೋಡಿದರು. ನಾಲ್ಕು ಮೂವತ್ತೇಳು.

"ಹತ್ತು ಇಪ್ಪತ್ತೈದಾ? ಹಾಗಾದ್ರೆ ಆರು ಗಂಟೆ ಹನ್ನೆರಡು ನಿಮಿಷ ಆಯ್ತಲ್ರೀ. ಟೈಮ್ ಸರಿ ತಾನೆ?"

ನಾನು "ಸರಿ ಸಾರ್" ಎಂದೆ.

ಯಾಕೆ ಎಂದೆ ಎಂದು ಐದು ವರ್ಷ ಕೇಳಿಕೊಂಡಿದ್ದೇನೆ. ಆ ಗಳಿಗೆಯಲ್ಲಿ ನನಗೆ ಕಂಡದ್ದು ಮಗು ಅಲ್ಲ. ಫಾರಮ್ಮಿನ ಕೆಳಗಿದ್ದ ನನ್ನ ಸಹಿ, ನರ್ಸಮ್ಮನ ಕೆಲಸ, ಮೀಟಿಂಗಿನಲ್ಲಿ ನನ್ನನ್ನು ಹೊಗಳಿದ ಮಾತು. ಇವು ಕಂಡವು. ಬಾಯಿ ತಾನಾಗಿ ಆಡಿತು ಎಂದು ಬರೆಯಬಹುದು, ಆದರೆ ಅದು ಸುಳ್ಳಾಗುತ್ತದೆ. ನಾನು ಯೋಚಿಸಿಯೇ ಹೇಳಿದೆ. ಬಹಳ ಸಣ್ಣ ಯೋಚನೆ, ಅಷ್ಟೆ.

ಹೊರಗೆ ಬಂದೆ. ಅಜ್ಜಿ ಎದ್ದು ನಿಂತರು. "ಮಲಗ್ಸಿದ್ರಾ?"

"ಇಲ್ಲಮ್ಮ. ಆರು ಗಂಟೆ ಮೀರೋಗೈತಂತೆ. ಹನ್ನೆರಡು ನಿಮಿಷ."

ಅಜ್ಜಿ ಬೆರಳ ಗೆಣ್ಣು ಎಣಿಸಿದರು. ಒಮ್ಮೆ, ಇನ್ನೊಮ್ಮೆ. "ನಾವು ಹಿಂದಕ್ಕೆ ಹಾಕ್ಸಿದ್ವಲ್ಲಪ್ಪಾ. ಅದನ್ನೂ ಸೇರ್ಸಿ ಎಣಿಸ್ಬುಟ್ರಾ? ನೀನು ಹೇಳ್ಲಿಲ್ವಾ?"

ನಾನು ವಾರ್ಡಿನ ಬಾಗಿಲ ಕಡೆ ನೋಡಿದೆ.

"ಲೇ, ಹೇಳ್ಲಿಲ್ವೇನೋ? ಹೋಗಿ ಹೇಳೋ! ಆಶ್ಲೇಷಾನೇ ಆಗ್ಲಿ, ಹತ್ತು ಜನ ಅತ್ತೇರು ಸಾಯ್ಲಿ, ನಾನೇ ಬರ್ಸಿದ್ದು ಅಂತ ಹೇಳೋಗೋ!" ನನ್ನ ಭುಜ ಹಿಡಿದು ಬಾಗಿಲಿಗೆ ನೂಕಿದರು.

ಮೊಮ್ಮಗಳ ನಕ್ಷತ್ರವನ್ನು ಕೈಬಿಡಲು ಆ ಹೆಂಗಸಿಗೆ ಎರಡು ಸಲ ಗೆಣ್ಣು ಎಣಿಸುವಷ್ಟು ಹೊತ್ತು ಸಾಕಾಯಿತು. ನನ್ನ ಸಹಿಯನ್ನು ಬಿಡಲು ನನಗೆ ಅವರ ಕೈ ಬೇಕಾಯಿತು.

ಒಳಗೆ ಹೋಗಿ ಎಲ್ಲ ಹೇಳಿದಾಗ ನಾಲ್ಕು ನಲವತ್ನಾಲ್ಕು. ಡಾಕ್ಟರು ಸಿಟ್ಟು ಮಾಡಲಿಲ್ಲ. ಅವರ ಮುಖ ಬಾಡಿತು. "ನಿಮ್ಮ ಬರಹ ಹತ್ತು ಇಪ್ಪತ್ತೈದು ಅನ್ನುತ್ತೆ. ಏಳು ನಿಮಿಷದ ಹಿಂದೆ ನೀವೂ ಅದೇ ಅಂದ್ರಿ. ಈಗ ಐವತ್ತನಾಲ್ಕು ಅಂತೀರಿ. ಯಾವ ನಿಮ್ಮನ್ನ ನಂಬಲಿ? ಹೊತ್ತು ಮೀರಿದ ಮಗೂನ ತಂಪು ಮಾಡಿ ಏನಾದ್ರೂ ಆದ್ರೆ? ಇನ್ಯಾರು ನೋಡಿದಾರೆ ಹೇಳಿ, ಬೇಗ."

ನರ್ಸಮ್ಮ, ಎಂದೆ; ಅಜ್ಜಿ ಬಾಗಿಲ ಹೊರಗಿದ್ದರು, ಡಾಕ್ಟರಮ್ಮ ಆಮೇಲೆ ಬಂದವರು. ಡಾಕ್ಟರು ಫೋನ್ ಹಚ್ಚಿದರು. ಮೊದಲ ಸಲ ಎತ್ತಲಿಲ್ಲ. ಎರಡನೆಯ ಸಲ ಎತ್ತಿದರು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ್ದರು. ಹಿಂದೂಪುರದ ಡಾಕ್ಟರು ಎಂದು ಕೇಳಿದ ಕೂಡಲೇ ನರ್ಸಮ್ಮನ ದನಿ ಬದಲಾಯಿತು.

"ರಿಜಿಸ್ಟರ್‌ಲೋ ಉಂದಿ ಸಾರ್. ಪದಿ ಇರವೈ ಐದು. ಎವರೂ ಮಾರ್ಚಲೇದು ಸಾರ್."

ರಿಜಿಸ್ಟರಿನಲ್ಲಿದೆ, ಹತ್ತು ಇಪ್ಪತ್ತೈದು, ಯಾರೂ ಬದಲಾಯಿಸಿಲ್ಲ. ಬದಲಾಯಿಸಿದ್ದೀರಾ ಎಂದು ಡಾಕ್ಟರು ಕೇಳಿರಲೇ ಇಲ್ಲ. "ಅಕ್ಕಾ, ನಿಜ ಹೇಳು, ನಾನು ಹೇಳಿಬಿಟ್ಟಿದೀನಿ," ಎಂದು ನಾನು ಕೂಗುವಷ್ಟರಲ್ಲಿ ಅವರು ಫೋನ್ ಇಟ್ಟಿದ್ದರು. ಮತ್ತೆ ಹಚ್ಚಿದರೆ ಸ್ವಿಚ್ ಆಫ್. ಆಯಮ್ಮ ಹೊರಗೇ ಇದ್ದರು. ಕರೆದು ಕೇಳಿದಾಗ, ನಾನು ಮಗು ಒರೆಸ್ತಿದ್ದೆ, ನಂಗೆ ಗಡಿಯಾರ ನೋಡೋಕೆ ಬರಲ್ಲ ಸಾಮಿ ಎಂದರು. ನಾಲ್ಕು ಐವತ್ತನಾಲ್ಕು ಆಯಿತು. ಡಾಕ್ಟರೂ ಗಡಿಯಾರ ನೋಡಿದರು, ನಾನೂ ನೋಡಿದೆ.

ಮಗುವಿಗೆ ಮಾಮೂಲಿ ಚಿಕಿತ್ಸೆ ಸಿಕ್ಕಿತು. ಅದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಹದಿಮೂರು ದಿನಕ್ಕೆ ಮನೆಗೆ ಹೋಯಿತು.

ಹದಿನಾರನೆಯ ದಿನ ನಾನು ಕಾಗದ ಕೊಡಲು ಹಿಂದೂಪುರದ ವಾರ್ಡಿನಲ್ಲಿದ್ದಾಗ ಚಿಲಮತ್ತೂರಿನ ಕಡೆಯಿಂದ ಇನ್ನೊಂದು ಮಗು ಬಂತು, ಗಂಡು, ಹುಟ್ಟಿ ಮೂರು ಗಂಟೆ. ಈ ನಡುವೆ ಬೇರೆ ಯಾರೂ ಸೇರಿರಲಿಲ್ಲ. ಅಂದರೆ ಮುಂದಿನ ಲಕೋಟೆ ನಮ್ಮ ಮಗುವಿಗೆ ಸಿಗಬೇಕಾಗಿದ್ದ ಲಕೋಟೆಯೇ. ನನ್ನ ಕಣ್ಣೆದುರಿಗೆ ಒಡೆದರು. ಒಳಗಿನ ಪದ: ತಂಪು.

ಆ ಗಂಡುಮಗುವನ್ನು ಒಂದೂವರೆ ವರ್ಷದ ತಪಾಸಣೆಯಲ್ಲಿ ನೋಡಿದವರು ನನಗೆ ಹೇಳಿದರು: ಗೋಡೆ ಬಿಟ್ಟು ನಾಲ್ಕು ಹೆಜ್ಜೆ ನಡೆದನಂತೆ. ಇದರಿಂದ ಏನೂ ಸಾಬೀತಾಗುವುದಿಲ್ಲ. ಒಂದು ಮಗು ಸಂಶೋಧನೆಯಲ್ಲ. ತಂಪಿನಿಂದ ನಮ್ಮಂಥ ಕಡೆ ಒಳಿತೋ ಅಲ್ಲವೋ ಎಂದು ತಿಳಿದವರೇ ಇನ್ನೂ ವಾದ ಮಾಡುತ್ತಾರೆ. ತಂಪಿನ ಹಾಸಿಗೆಯಲ್ಲಿ ಸತ್ತ ಮಕ್ಕಳೂ ಇದ್ದಾರೆ, ಇಲ್ಲದೆಯೂ ನಡೆದ ಮಕ್ಕಳಿದ್ದಾರೆ. ಬ್ರಹ್ಮಸಮುದ್ರದ ಮಗು ಹಾಸಿಗೆಯ ಮೇಲೆ ಮಲಗಿದ್ದರೆ ಇಂದು ಓಡಾಡುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಹೇಳಲು ನನಗೆ ಹಕ್ಕಿಲ್ಲ. ಅವಳಿಗೆ ಬರಬೇಕಾಗಿದ್ದದ್ದು ಬರಲಿಲ್ಲ, ಅದಕ್ಕೆ ಕಾರಣ ನನ್ನ ಕೈ ಎಂದಷ್ಟೇ ಹೇಳಬಲ್ಲೆ.

ಲಕೋಟೆ ಒಡೆದ ವಾರ ಎಲ್ಲವನ್ನೂ ಬರೆದು ಕಚೇರಿಗೆ ಕೊಟ್ಟೆ. ಕಲ್ಯಾಣದುರ್ಗದ ಕಾಗದಗಳನ್ನೆಲ್ಲ ಸಂಶೋಧನೆಯಿಂದ ತೆಗೆದುಹಾಕಿದರು. ಯಾವ ಸಮಯ ನಿಜ, ಯಾವುದು ನಕ್ಷತ್ರ ಎಂದು ಬೇರ್ಪಡಿಸುವ ದಾರಿ ಉಳಿದಿರಲಿಲ್ಲ. ನನ್ನ ಕೆಲಸ ಹೋಯಿತು. ನರ್ಸಮ್ಮನದೂ. ಅವರ ಮನೆಗೆ ಹೋದಾಗ ಬಾಗಿಲಲ್ಲೇ ನಿಲ್ಲಿಸಿ ಹೇಳಿದರು: "ವ್ಯಾನಲ್ಲಿ ಅಷ್ಟೊತ್ತು ಕೂತಿದ್ಯಲ್ಲ, ಒಂದು ಫೋನ್ ಮಾಡಿ, ಅಕ್ಕಾ ಹಿಂಗೈತೆ ಅಂದಿದ್ರೆ ನಾನು ಸುಳ್ಳು ಹೇಳ್ತಿದ್ನೇನೋ? ನಿನ್ನ ಕಾಪಾಡ್ತೀನಿ ಅನ್ಕೊಂಡು ಹೇಳಿದ್ನಲ್ಲೋ." ನನಗೆ ಆ ಯೋಚನೆಯೂ ಬಂದಿರಲಿಲ್ಲ.

ಬ್ರಹ್ಮಸಮುದ್ರಕ್ಕೆ ಹೋಗಲು ನನಗೆ ಎರಡು ವರ್ಷ ಬೇಕಾಯಿತು. ಈಗ ತಿಂಗಳಿಗೊಮ್ಮೆ ಹೋಗುತ್ತೇನೆ. ಅವಳಿಗೆ ಐದು ತುಂಬಿದೆ. ಕೂರಿಸಿದರೆ ವಾಲುತ್ತಾಳೆ. ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬಿಗಿದುಕೊಳ್ಳುತ್ತವೆ. ಅವನ್ನು ಬಿಸಿನೀರ ಬಟ್ಟೆಯಿಂದ ಸಡಿಲಿಸುವುದನ್ನು ಕಲಿತು ಬಂದು ಮನೆಯವರಿಗೆ ಕಲಿಸಿದ್ದೇನೆ. ಹೊಲದ ಬೋರ್‌ವೆಲ್ ಮೋಟರ್ ಶುರುವಾದರೆ ಜೋರಾಗಿ ನಗುತ್ತಾಳೆ, ಕರೆಂಟು ಹೋದರೆ ಮುಖ ಸಿಂಡರಿಸುತ್ತಾಳೆ. ಅಜ್ಜಿ ಅವಳನ್ನು ಸೊಂಟದ ಮೇಲೆ ಹೊತ್ತೇ ಎಲ್ಲ ಕೆಲಸ ಮಾಡುತ್ತಾರೆ. ನನ್ನನ್ನು ಬೈಯುವುದಿಲ್ಲ. "ಇಬ್ರೂ ಸೇರಿ ಮಾಡಿದ್ದು ಕಣಪ್ಪ, ಕಾಲು ನೀಡ್ಸು ಬಾ," ಎನ್ನುತ್ತಾರೆ.

ಮಗುವಿನ ತಾಯಿ ನನ್ನೊಡನೆ ಬಹಳ ಕಾಲ ಮಾತಾಡಿರಲಿಲ್ಲ. ಕಳೆದ ಬೇಸಿಗೆಯಲ್ಲಿ ನಾನು ಕಾಲು ನೀಡಿಸುತ್ತಿದ್ದಾಗ ಹತ್ತಿರ ಬಂದು ಕೂತಳು.

"ಅವತ್ತು ಡಾಕ್ಟ್ರು ಇನ್ಯಾರು ನೋಡಿದಾರೆ ಅಂತ ಕೇಳಿದ್ರಂತೆ, ಹೌದಾ ಅಣ್ಣ?"

"ಹೌದಮ್ಮ."

"ನಾನು ನೋಡಿದ್ನಲ್ಲ. ನೋವು ತಡೀಲಾರ್ದೆ ಗಡಿಯಾರಾನೇ ನೋಡ್ತಿದ್ದೆ. ಎರಡು ಮುಳ್ಳೂ ಒಂದ್ರ ಮೇಲೊಂದು ಕೂತಂಗಿದ್ವು, ಹತ್ತಕ್ಕೂ ಹನ್ನೊಂದಕ್ಕೂ ನಡ್ವೆ. ಆಗ್ಲೇ ಹುಟ್ಟಿದ್ದು. ಫೋನು ನನ್ನ ದಿಂಬಿನ ಕೆಳಗೇ ಇತ್ತು."

ಹತ್ತು ಇಪ್ಪತ್ತೈದಕ್ಕೆ ಮುಳ್ಳುಗಳು ಸೇರುವುದಿಲ್ಲ. ಹತ್ತು ಐವತ್ತನಾಲ್ಕಕ್ಕೆ ಸೇರುತ್ತವೆ. ಹೆತ್ತವಳನ್ನು ಕೇಳಬಹುದು ಎಂದು ಡಾಕ್ಟರಿಗಾಗಲಿ ನನಗಾಗಲಿ, ಅವಳ ಸ್ವಂತ ತಾಯಿಗಾಗಲಿ ಹೊಳೆದಿರಲಿಲ್ಲ. ಪರದೆಯ ಆಚೆ ಇದ್ದವಳು ಎಂದು ಅವಳನ್ನು ಎಲ್ಲರೂ ಲೆಕ್ಕದಿಂದ ಬಿಟ್ಟಿದ್ದೆವು.

ಇನ್ಯಾರು ನೋಡಿದಾರೆ ಎಂದು ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ. ಮಗುವನ್ನು ಒರೆಸಿದ ಆಯಮ್ಮ ಹೋದ ವರ್ಷ ತೀರಿಕೊಂಡರು. ಸಮಯ ಬರೆದ ನರ್ಸಮ್ಮ ಬದುಕಿದ್ದಾರೆ. ಚಿಲಮತ್ತೂರಿನ ಹೆದ್ದಾರಿಯ ಪಕ್ಕ ಒಂದು ಔಷಧಿ ಅಂಗಡಿಯಲ್ಲಿ ಕೂರುತ್ತಾರೆ, ಕೇಳಿದವರಿಗೆ ಈಗ ನಿಜ ಹೇಳುತ್ತಾರೆ. ಬರೆಸಿದ ಅಜ್ಜಿ ಬದುಕಿದ್ದಾರೆ. ಗಡಿಯಾರ ನೋಡುತ್ತ ಹೆತ್ತ ತಾಯಿ ಬದುಕಿದ್ದಾಳೆ, ಬ್ರಹ್ಮಸಮುದ್ರದಲ್ಲಿ, ರಸ್ತೆಯಿಂದ ಮೂರನೆಯ ಮನೆ.